ಹುಲ್ಲಿನ ರೇಟು

ನನ್ನ ಅಣ್ಣನ ಮಗ ಡಿಗ್ರಿ ಮುಗಿಸಿಕೊಂಡು ಬಂದು, ತುಮಕೂರಿನಲ್ಲಿ ಹುಲ್ಲು ಕೊಯ್ಯುವ ಕಂಟ್ರಾಕ್ಟು ಹಿಡಿಯುತ್ತೇನೆ ಎಂದಾಗ ಮನೆಯಲ್ಲಿ ಯಾರೂ ತಕ್ಷಣ ಬೈಯಲಿಲ್ಲ. ಸಿನಿಮಾಕ್ಕೆ ಸೇರುತ್ತೇನೆ ಎಂದಿದ್ದರೆ ಅಣ್ಣನ ಬಾಯಲ್ಲಿ ಮಾತು ತಯಾರಿತ್ತು. ಹುಲ್ಲಿಗೆ ಏನೆಂದು ಬೈಯುವುದು? ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದ ನಾನೂ ಸುಮ್ಮನಿದ್ದೆ. ಸುಮ್ಮನಿದ್ದವರ ತಲೆಗೇ ಕೆಲಸ ಕಟ್ಟುವುದು ನಮ್ಮ ಮನೆಯ ಪದ್ಧತಿ. ಅವನ ವ್ಯಾಪಾರಕ್ಕೆ ದರ ಗೊತ್ತುಮಾಡುವ ಹುದ್ದೆ ನನಗೆ ಬಂತು, ಸಂಬಳವಿಲ್ಲದೆ. ಗಿರಾಕಿಯ ಸೈಟಿನಲ್ಲಿ ನಿಂತೇ ಫೋನ್ ಮಾಡುತ್ತಾನೆ. “ಅತ್ತೆ, ಸೊಂಟದುದ್ದ ಬೆಳ್ದೈತೆ. ಎಷ್ಟು ಹೇಳ್ಲಿ?”

ನನ್ನ ಬಾಲ್ಯದಲ್ಲಿ ಇದರ ಲೆಕ್ಕ ತಿರುಗುಮುರುಗಾಗಿತ್ತು. ಗುಬ್ಬಿ ಸೀಮೆಯ ನಮ್ಮೂರಿನಲ್ಲಿ ಹುಲ್ಲು ಕೊಯ್ದವರಿಗೆ ಯಾರೂ ಕೂಲಿ ಕೊಡುತ್ತಿರಲಿಲ್ಲ, ಕೊಯ್ಯಲು ಬಿಟ್ಟವರಿಗೆ ನಾವೇ ಕೊಡಬೇಕಾಗಿತ್ತು. ಎಮ್ಮೆಗಳಿಗೆ ನಮ್ಮ ಬದುಗಳ ಹುಲ್ಲು ಸಾಲದೆ ಅವ್ವ ಪಕ್ಕದ ಹೊಲದವರ ಬದು ಕೇಳಿಕೊಳ್ಳುತ್ತಿದ್ದಳು. ಅದಕ್ಕೆ ಬದಲಾಗಿ ಅವರ ರಾಗಿಗೆ ಒಂದು ದಿನ ಕಳೆ ತೆಗೆದುಕೊಡಬೇಕು. ಮುಯ್ಯಿ ಎಂದು ಕರೆದರೂ ಅದು ಹುಲ್ಲಿನ ಬೆಲೆಯೇ. ಅವಳ ಬಂಡವಾಳ ಒಂದು ಕುಡ್ಲು, ಹೊರೆ ಕಟ್ಟುವ ಹಗ್ಗ, ತಲೆಗೊಂದು ಸಿಂಬೆ. ಕೆರೆಯಂಗಳದ ಹುಲ್ಲು ಹರಾಜಾದ ವರ್ಷವಂತೂ ಕೂಗಿದವನು ದೊಣ್ಣೆ ಹಿಡಿದು ಅಲ್ಲೇ ಕೂರುತ್ತಿದ್ದ.

ಬಡವರ ಎಮ್ಮೆಗಿದ್ದ ಈ ಚಿಂತೆ ದೊರೆಗಳ ದನ ಕುದುರೆಗಳಿಗೂ ಇತ್ತು. ಚಿಕ್ಕದೇವರಾಜ ಒಡೆಯರು ಕಟ್ಟಿದ ‘ಬೆಣ್ಣೆ ಚಾವಡಿ’ಯ ದನಗಳಿಗೆ ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಎಂಬ ಹೆಸರು ಬಂತು. ಫಿರಂಗಿ ಎಳೆಯುವ ಆ ಎತ್ತುಗಳಿಗಾಗಿ ತುಮಕೂರು, ಹಾಸನ, ಚಿತ್ರದುರ್ಗದ ಕಡೆಯ ಬಯಲುಗಳನ್ನು ಕಾವಲುಗಳೆಂದು ಕಾದಿಟ್ಟರು. ಮಳೆಗಾಲಕ್ಕೊಂದು ಕಾವಲು, ಬೇಸಿಗೆಗೆ ಇನ್ನೊಂದು. ಕುಣಿಗಲ್ಲಿನಲ್ಲಿ ಟಿಪ್ಪು ಸೈನ್ಯದ ಕುದುರೆಗಳನ್ನು ಸಾಕಿಸಿದ. ಆಮೇಲೂ ಅದು ಕುದುರೆ ಫಾರಮ್ಮೇ ಆಗಿತ್ತು, ಹುಟ್ಟಿದ್ದು ಮಾತ್ರ ರೇಸಿನ ಕುದುರೆಗಳು. ಕಂಪನಿ ಸರ್ಕಾರದ ರಿಸಾಲೆಯಲ್ಲಿ ಕುದುರೆ ನೋಡಿಕೊಳ್ಳುವ ಸಾಯಿಸನ ಜೊತೆಗೆ ಹುಲ್ಲು ತರುವವನೊಬ್ಬ ಇರುತ್ತಿದ್ದ. ದಿನವೂ ಮೈಲಿಗಟ್ಟಲೆ ಅಲೆದು, ಗರಿಕೆಯನ್ನು ಬೇರು ಸಮೇತ ಹೆರೆದು, ಮಣ್ಣು ಕೊಡವಿ ಹೊತ್ತು ತರುವುದು ಅವನ ಪಾಲಿನ ಯುದ್ಧ. ಕೊಯ್ದ ಹುಲ್ಲು ಮಣ್ಣುಪಾಲಾಗುತ್ತದೆ ಎಂದು ಆ ಕಾಲದವರಿಗೆ ಹೇಳಿದ್ದರೆ ನಂಬುತ್ತಿರಲಿಲ್ಲ. ಕಾವಲುಗಳೂ ಬೇರೆ ಕೆಲಸಕ್ಕೆ ತಿರುಗಿವೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಎದ್ದು, 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು.

ನಮ್ಮ ಹುಡುಗ ಮೊದಲು ಆಸೆಪಟ್ಟದ್ದು ಕೂತು ಓಡಿಸುವ ಲಾನ್ ಮೂವರ್‌ಗೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದರೆ ಇದೇ ಇರಬೇಕು ಎಂದುಕೊಂಡೆ. ಲಾನ್ ಮೂವರ್‌ನ ಹುಟ್ಟೇ ಬೇರೆ. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತ ಮಿಲ್ಲಿನಲ್ಲಿ ಉಣ್ಣೆಬಟ್ಟೆಯ ಮೇಲಿನ ಜೂಲನ್ನು ಸಮ ಮಾಡುವ ಯಂತ್ರ ನೋಡಿ, ಅದೇ ಉಪಾಯವನ್ನು ಹುಲ್ಲಿಗೆ ಹಚ್ಚಿ 1830ರಲ್ಲಿ ಪೇಟೆಂಟ್ ಪಡೆದ. ಬಟ್ಟೆಯಷ್ಟೇ ಮಟ್ಟಸವಾದ ನೆಲವಿದ್ದರೆ ಅದು ಚೆನ್ನ. ತುಮಕೂರಿನ ಖಾಲಿ ಸೈಟಿನಲ್ಲಿ ಪಕ್ಕದ ಮನೆಯ ಕಟ್ಟಡದ ಕಲ್ಲುಪುಡಿ, ಬಿಯರ್ ಬಾಟಲಿ, ಕಂಬಿಯ ತುಂಡು ಎಲ್ಲ ಇರುತ್ತವೆ. ಇಲ್ಲಿಗೆ ಒಗ್ಗಿದ್ದು ಅಮೆರಿಕದ ಹ್ಯೂಸ್ಟನ್ನಿನ ಜಾರ್ಜ್ ಬಲ್ಲಾಸ್‌ನ ಉಪಾಯ. ಕಾರು ತೊಳೆಯುವಲ್ಲಿ ಗರಗರ ತಿರುಗುವ ಬ್ರಷ್ಷುಗಳನ್ನು ನೋಡಿದ ಆತ, 1971ರಲ್ಲಿ ಒಂದು ಡಬ್ಬಕ್ಕೆ ಮೀನು ಹಿಡಿಯುವ ದಾರ ಸಿಕ್ಕಿಸಿ ತಿರುಗಿಸಿದ. ಅಲಗಿಲ್ಲದೆಯೇ ಹುಲ್ಲು ತುಂಡಾಯಿತು. ಇವತ್ತು ಹೆಗಲಿಗೆ ಬೆಲ್ಟು ಹಾಕಿ ಹಿಡಿಯುವ ಬ್ರಷ್ ಕಟರ್‌ನಲ್ಲಿ ತಿರುಗುವ ದಾರ ಅದರ ವಂಶದ್ದೇ.

ಟೂ ಸ್ಟ್ರೋಕ್ ತಂದರೆ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು. ಅಳತೆ ತಪ್ಪಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅದಕ್ಕೇ 35 ಸಿಸಿಯ ಫೋರ್ ಸ್ಟ್ರೋಕ್ ತರಿಸಿದೆವು. ಎಳೆ ಹುಲ್ಲಿಗೆ ನೈಲಾನ್ ದಾರ, ಕಡ್ಡಿಗಟ್ಟಿದ ಗಿಡಕ್ಕೆ ಬ್ಲೇಡು. ಸಿಡಿಯುವ ಕಲ್ಲಿಗೆ ಕನ್ನಡಕ, ಕೊಳಕುಮಂಡಲಕ್ಕೆ ಗಂಬೂಟು, ಪಕ್ಕದಲ್ಲಿ ನಿಲ್ಲಿಸಿದ ಕಾರಿಗೆ ಹಸಿರು ಬಲೆ. ಈ ಮೂರಕ್ಕೆ ಖರ್ಚು ಮಾಡಲು ಅವನು ಒಪ್ಪಲಿಲ್ಲ. ನಾನು ಯಂತ್ರದ ಬಿಲ್ಲಿಗೇ ಸೇರಿಸಿಬಿಟ್ಟೆ.

ಆಮೇಲೆ ದರದ ಲೆಕ್ಕ. 30,000 ರೂಪಾಯಿಯ ಸಾಮಾನು ಸಾವಿರ ಗಂಟೆ ಓಡಿದರೆ ಗಂಟೆಗೆ 30. ಮುಕ್ಕಾಲು ಲೀಟರಿಗೆ ಹತ್ತಿರ ಪೆಟ್ರೋಲು, ಸುಮಾರು 73. ದಾರ, ಬ್ಲೇಡು, ಗ್ರೀಸಿಗೆ 20. ಆಳಿಗೆ ದಿನಕ್ಕೆ 800 ಎಂದರೂ, ಮಿಷನ್ ನಿಜವಾಗಿ ಓಡುವುದು ಐದೇ ಗಂಟೆ. ಉಳಿದದ್ದು ದಾರ ಸುತ್ತುವುದು, ಟೀ, ಬೆನ್ನು ನೆಟ್ಟಗೆ ಮಾಡಿಕೊಳ್ಳುವುದು. ಅಲ್ಲಿಗೆ ಗಂಟೆಗೆ 160. ಒಟ್ಟು 283. ಓಡಾಟ, ರಿಪೇರಿ, ಮಳೆಗೆ ಕೂತ ದಿನಗಳನ್ನು ಸೇರಿಸಿ 350 ಎಂದು ಬರೆದೆ.

ಗಂಟೆಯ ಲೆಕ್ಕ ತೋಟದವರಿಗೆ ಸರಿ. ಪೇಟೆಯವರು ಸೈಟಿನ ಲೆಕ್ಕ ಕೇಳುತ್ತಾರೆ. ಬೆಂಗಳೂರಿನಲ್ಲಿದ್ದು ತುಮಕೂರಿನಲ್ಲಿ ಸೈಟು ಬಿಟ್ಟಿರುವ ಗಿರಾಕಿಯೊಬ್ಬರು, ಎಕರೆಗೆ ಎಂಟು ಗಂಟೆ ಎಂದರೆ 2,800, ನಮ್ಮ ಮೂವತ್ತು-ನಲವತ್ತಡಿಯ ಒಂದು ಸೈಟಿಗೆ 800 ಯಾಕೆ ಎಂದು ಹಿಡಿದರು. ಲೆಕ್ಕದ ಮೇಷ್ಟ್ರಿಗೆ ಇಂಥ ಪ್ರಶ್ನೆ ಹಬ್ಬ. ಎಕರೆ ಎಂದರೆ 43,560 ಚದರಡಿ, ಅಂಥ ಮೂವತ್ತಾರು ಸೈಟು. ಭಾಗಿಸಿದರೆ ಅವರ ಪಾಲಿಗೆ ಬರುವುದು 77 ರೂಪಾಯಿ! ಮೂವತ್ತಾರು ಸೈಟಿನವರೂ ಒಂದೇ ದಿನ ಒಪ್ಪಿ, ನಡುವಿನ ಕಲ್ಲು ಕಿತ್ತಿಟ್ಟರೆ 77ಕ್ಕೇ ಮಾಡಿಸಿಕೊಡುತ್ತೇನೆ ಎಂದೆ. ನಗುತ್ತ 700ಕ್ಕೆ ಬಂದರು. ಸಣ್ಣ ಕೆಲಸದಲ್ಲಿ ದುಡ್ಡು ಹೋಗುವುದು ಕೊಯ್ಲಿಗಲ್ಲ, ಹೋಗುವುದಕ್ಕೆ, ಬಲೆ ಕಟ್ಟುವುದಕ್ಕೆ, ಕಸ ಸಾಗಿಸುವುದಕ್ಕೆ. ಕುಣಿಗಲ್ಲಿಗೆ ಒಂದೇ ಸೈಟಿಗೆ ಹೋಗುವುದಿಲ್ಲ ಎನ್ನುವ ನಿಯಮ ಹುಟ್ಟಿದ್ದೂ ಹೀಗೆಯೇ.

ಗುಬ್ಬಿ ಕಡೆಯ ಅಡಿಕೆ ತೋಟದಲ್ಲಿ ಎದುರಾಳಿ ಬೇರೆ ಮಿಷನ್ನಲ್ಲ, ಕಳೆನಾಶಕದ ಡಬ್ಬ. ಗ್ಲೈಫೊಸೇಟ್ ಬಳಕೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಪರವಾನಗಿ ಇದ್ದ ಕೀಟ ನಿಯಂತ್ರಕರಿಗೆ ಮಾತ್ರ ಎಂದು ಕಟ್ಟುಪಾಡು ಹಾಕಿತಾದರೂ, ಹೊಡೆದರೆ ಅಗ್ಗ ಎನ್ನುವ ಮಾತು ತೋಟದಿಂದ ಹೋಗಿಲ್ಲ. ಅಲ್ಲಿ ನಾವು ಮಾರುವುದು ಎಚ್ಚರಿಕೆಯನ್ನು. ಎಳೆ ಸಸಿಯ ಬುಡಕ್ಕೆ ದಾರ ತಾಗಿ ಸಿಪ್ಪೆ ಸುಲಿದರೆ ಗಿಡ ಸೊರಗುತ್ತದೆ, ಡ್ರಿಪ್ ಪೈಪು ತುಂಡಾದರೆ ಆ ಸಾಲಿಗೆ ನೀರಿಲ್ಲ. ಕೊಯ್ದ ಹುಲ್ಲು ಅಲ್ಲೇ ಮುಚ್ಚಿಗೆಯಾಗಿ ಬಿದ್ದು ತೇವ ಹಿಡಿಯುತ್ತದೆ. ಸಾಗಣೆಯ ಖರ್ಚಿಲ್ಲ, ಅದನ್ನು ದರದಲ್ಲಿ ಬಿಟ್ಟುಕೊಡುತ್ತೇವೆ.

ಹೀಗಾಗಿ ನಮ್ಮ ಪಟ್ಟಿಯಲ್ಲಿ ಹುಲ್ಲಿಗೇ ಒಂದು ಕಾಲಂ ಬಂದಿದೆ. ತೋಟದಲ್ಲೇ ಬಿಡುವುದಾದರೆ ಕಡಿಮೆ, ಸೈಟಿನಿಂದ ತೆಗೆದುಹಾಕಬೇಕಾದರೆ 200 ಹೆಚ್ಚು. ದನವೂ ಮೂಸದ ಪಾರ್ಥೇನಿಯಂ ಹೂಬಿಟ್ಟಿದ್ದರೆ ಇನ್ನೂ ಹೆಚ್ಚು. ಕೊಯ್ಯುವ ಕೂಲಿ ಎಲ್ಲ ಕಡೆ ಒಂದೇ, ಕೊಯ್ದ ಮೇಲೆ ಅದು ಯಾರಿಗೆ ಬೇಕು ಎನ್ನುವುದರಲ್ಲೇ ಬೆಲೆ ಏರುಪೇರು. ಕಳೆದ ಬೇಸಿಗೆಯಲ್ಲಿ ಹಸು ಕಟ್ಟಿಕೊಂಡಿರುವ ಹೆಂಗಸೊಬ್ಬರು ಅವನ ಗಾಡಿ ನಿಲ್ಲಿಸಿ, ಸೈಟಿನಿಂದ ತುಂಬಿಕೊಂಡಿದ್ದ ಹಸಿ ಹುಲ್ಲಿಗೆ ಹೊರೆಗಿಷ್ಟು ಎಂದು ದುಡ್ಡು ಚಾಚಿದರಂತೆ. ತಗೊಳ್ಳಲಾ ಎಂದು ಕೇಳಿದ. ತಗೋ ಎಂದೆ. ಹಾಗಾದರೆ ಸೈಟಿನವರಿಂದ ಇಸಕೊಂಡ 200 ವಾಪಸ್ ಕೊಡು ಎಂದೂ ಹೇಳಿದೆ. ಎರಡನೆಯ ಮಾತಿಗೆ ಸಿಗ್ನಲ್ ಸರಿ ಇಲ್ಲ ಅತ್ತೆ ಎಂದ. ಹುಡುಗ ವ್ಯಾಪಾರ ಕಲಿಯುತ್ತಿದ್ದಾನೆ.