ಒಂದು ದಿನದ ಊಟ, ಐದು ವರ್ಷದ ಕಂತು

ಹಿರಿಮಗಳ ಮದುವೆಯಲ್ಲಿ ಬಿರಿಯಾನಿ ಉಂಡವರು ಯಾರೆಂದು ಈಗ ನಮಗೇ ನೆನಪಿಲ್ಲ. ಕಂತಿನ ತಾರೀಖು ಮಾತ್ರ ಮರೆಯುವುದಿಲ್ಲ. ಸಾಲ ಎರಡೂವರೆ ಲಕ್ಷ. ಮೂರು ಕಂತು ತಪ್ಪಿದಾಗ ತಲೆಮರೆಸಿಕೊಳ್ಳದೆ ನಾವೇ ಸಹಕಾರಿ ಸಂಘಕ್ಕೆ ಹೋದೆವು. ಅವರು ಅವಧಿಯನ್ನು ಐದು ವರ್ಷಕ್ಕೆ ಹೆಚ್ಚಿಸಿ ತಿಂಗಳಿಗೆ 6,000 ರೂಪಾಯಿ ಗೊತ್ತುಮಾಡಿದರು.

ಆಟೋ, ಬೀಡಿಯಿಂದ ಬರುವುದು 19,000. ಕಂತು ಮತ್ತು 5,000 ಬಾಡಿಗೆ ಕಳೆದು ಉಳಿಯುವ 8,000ದಲ್ಲೇ ಅಡುಗೆ, ಶಾಲೆ, ಔಷಧ. ಅಕ್ಕಿ ಪಡಿತರದ್ದು. ಮೀನು ವಾರಕ್ಕೊಮ್ಮೆ, ಅದೂ ಬೂತಾಯಿ. ಅಂಗಡಿಯ ಉದ್ದರಿ ನಿಲ್ಲಿಸಿದ್ದೇವೆ. ಸಾಲ ಮಾಡಿ ಸಾಲ ತೀರಿಸಿದರೆ ಸಾಲ ತೀರುವುದಿಲ್ಲ.

ಕಿರಿಯವಳ ನಿಕಾಹ್‌ಗೆ ಮಸೀದಿ, ಖರ್ಜೂರ ಸಾಕೆಂದು ನಿರ್ಧರಿಸಿದ್ದೇವೆ. "ಜನ ಏನೆಂದಾರು?" ಎನ್ನುತ್ತಾರೆ ಬಂಧುಗಳು. ಕಂತು ಕಟ್ಟುವ ದಿನ ಆ ಜನ ಯಾರೂ ಬರುವುದಿಲ್ಲ.