ಅಂಗಡಿ ತೆರೆಯುವುದು ಎಷ್ಟು ಹೊತ್ತಿಗೆ?

ನಮ್ಮ ಕಡೆಯ ಅಂಗಡಿಗಳಲ್ಲಿ ವೇಳೆಯ ಫಲಕ ಕಾಣುವುದು ಅಪರೂಪ. ಶಟರ್ ಎತ್ತಿದ್ದರೆ ತೆರೆದಿದೆ, ಇಳಿಸಿದ್ದರೆ ಮುಚ್ಚಿದೆ. ಅರ್ಧ ಇಳಿಸಿದ್ದರೆ ಸಾಹುಕಾರರು ಊಟಕ್ಕೋ ನಮಾಝಿಗೋ ಹೋಗಿದ್ದಾರೆಂದು ನಾವೇ ತಿಳಿದುಕೊಳ್ಳುತ್ತೇವೆ. ಆದರೆ ಹೊಟ್ಟೆಪಾಡಿಗಾಗಿ ನಮ್ಮ ಮಕ್ಕಳು ದೇಶದೇಶ ಸುತ್ತುತ್ತಿರುವಾಗ, ಬಾಗಿಲಿಗೆ ಅಂಟಿಸಿದ ಚೀಟಿಯನ್ನು ಓದಲು ಬಾರದಿದ್ದರೆ ಜ್ವರದ ಮಗುವಿಗೆ ಔಷಧಿ ಸಿಗದೆ ಹಿಂತಿರುಗಬೇಕಾದೀತು.

ಅಂಕಿ ಒಂದೇ ಇದ್ದರೂ ಅರ್ಥ ಒಂದೇ ಅಲ್ಲ. ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯಲ್ಲಿ ಗಂಟೆಯ ಎಣಿಕೆ ಶುರುವಾಗುವುದು ಬೆಳಗಾಗುವಾಗ. ನಮ್ಮ ಬೆಳಗಿನ 7 ಅವರಿಗೆ 1. ಅಲ್ಲಿ 'ಬೆಳಿಗ್ಗೆ 2ರಿಂದ ಸಂಜೆ 12' ಎಂದರೆ ನಮ್ಮ ಲೆಕ್ಕದಲ್ಲಿ 8ರಿಂದ 6. ಇಥಿಯೋಪಿಯಾದಲ್ಲೂ ಇದೇ ರೂಢಿ. ಇದನ್ನು ಕೇಳಿ ನಗುವ ಮುನ್ನ ನಮ್ಮ ಪಂಚಾಂಗವನ್ನು ನೆನೆಯೋಣ. ಅದರ ಘಳಿಗೆಗಳ ಎಣಿಕೆಯೂ ಸೂರ್ಯೋದಯದಿಂದಲೇ.

ಜಪಾನಿನ ಕೆಲವು ತಡರಾತ್ರಿಯ ಹೋಟೆಲುಗಳು '17ರಿಂದ 26' ಎಂದು ಬರೆಯುತ್ತವೆ. 26 ಎಂದರೆ ನಡುರಾತ್ರಿ ಕಳೆದು 2 ಗಂಟೆ. ತಾರೀಖು ಬದಲಾದರೂ ಬಡಿಸುವವನ ದಿನ ಇನ್ನೂ ಮುಗಿದಿಲ್ಲ ಎಂಬುದನ್ನು ಆ ಅಂಕಿ ಒಪ್ಪಿಕೊಳ್ಳುತ್ತದೆ.

ವಾರಗಳ ಲೆಕ್ಕವೂ ಹಾಗೆಯೇ. ಪೋರ್ಚುಗೀಸರಿಗೆ ಸೋಮವಾರವೆಂದರೆ ಎರಡನೆಯ ದಿನ. 'ಎರಡನೆಯದರಿಂದ ಆರನೆಯದು' ಎಂದಿದ್ದರೆ ಸೋಮವಾರದಿಂದ ಶುಕ್ರವಾರ. ಅರಬಿಯ ಇಸ್ನೈನ್, ನಾವು ಉರ್ದು ಶಾಲೆಯಲ್ಲಿ ಕಲಿತ ದೋಶಂಬಾ ಎರಡರಲ್ಲೂ ಇದೇ 'ಎರಡು' ಇದೆ. ಚೀನೀಯರಿಗೆ ಮಾತ್ರ ಸೋಮವಾರವೇ ಒಂದು. ಅವರ ಎರಡು ಮಂಗಳವಾರ.

ಸೌದಿ ಅರೇಬಿಯಾದಲ್ಲಿ ಬಹುಕಾಲ ನಮಾಝಿನ ಹೊತ್ತಿಗೆ ಅಂಗಡಿಗಳು ಮುಚ್ಚುತ್ತಿದ್ದವು. 'ಅಸರ್ ನಂತರ ಬನ್ನಿ' ಎಂದರೆ ಗಡಿಯಾರ ನೋಡಿದರೆ ಸಾಲದು, ಋತುವನ್ನೂ ನೋಡಬೇಕಿತ್ತು. ನಮಾಝಿನ ವೇಳೆಯಲ್ಲೂ ತೆರೆದಿಡಲು ವಾಣಿಜ್ಯ ಮಂಡಳಿಗಳ ಒಕ್ಕೂಟ 2021ರಲ್ಲಿ ಸುತ್ತೋಲೆ ಹೊರಡಿಸಿತು. ಅದಕ್ಕೂ ಮುನ್ನ, 2013ರಲ್ಲಿ, ಅಲ್ಲಿನ ವಾರದ ರಜೆ ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಸರಿದಿತ್ತು.

ಜರ್ಮನಿಯಲ್ಲಿ ಅಂಗಡಿ ಮುಚ್ಚುವ ವೇಳೆಗೆಂದೇ 1956ರಲ್ಲಿ ಕಾನೂನು ಬಂತು. 2006ರಲ್ಲಿ ಆ ಅಧಿಕಾರ ರಾಜ್ಯಗಳಿಗೆ ಹೋಯಿತು. ಭಾನುವಾರ ಹೆಚ್ಚಿನ ಅಂಗಡಿಗಳು ಇಂದಿಗೂ ತೆರೆಯುವುದಿಲ್ಲ. 2009ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವೂ ಆ ವಿರಾಮವನ್ನು ಎತ್ತಿ ಹಿಡಿಯಿತು. ಹೊಸದಾಗಿ ಹೋದವರು ಭಾನುವಾರ ಹಾಲು ಸಿಗದೆ ಗೊಣಗುತ್ತಾರೆ. ಆದರೆ ಆ ಮುಚ್ಚಿದ ಬಾಗಿಲಿನ ಹಿಂದೆ ಯಾರೋ ಒಬ್ಬಳು ತನ್ನ ಮಕ್ಕಳೊಂದಿಗೆ ಮನೆಯಲ್ಲಿದ್ದಾಳೆ ಎಂಬುದನ್ನು ಗೊಣಗುವವರು ನೆನೆಯುವುದಿಲ್ಲ. ನಮ್ಮಲ್ಲೂ 1961ರ ಕರ್ನಾಟಕದ ಅಂಗಡಿಗಳ ಕಾಯಿದೆ ದಿನಕ್ಕೆ 9, ವಾರಕ್ಕೆ 48 ಗಂಟೆ ದುಡಿಮೆಯ ಮಿತಿ ಹಾಕಿತು. ಎಷ್ಟು ಕೌಂಟರುಗಳ ಹಿಂದೆ ಅದು ಪಾಲನೆಯಾಗುತ್ತದೆಂದು ಕೇಳುವ ಗಿರಾಕಿಗಳು ನಮ್ಮಲ್ಲಿ ಎಷ್ಟಿದ್ದಾರೆ?

ಫಲಕದಲ್ಲಿ ನಾವು ಓದುವುದು ಗಿರಾಕಿಯ ವೇಳೆಯನ್ನು. ಕೆಲಸದವನ ವೇಳೆ ಅಲ್ಲಿ ಬರೆದಿರುವುದಿಲ್ಲ. ನಮ್ಮ ಓಣಿಯ ಹುಡುಗನೊಬ್ಬ ಕೊಲ್ಲಿಯ ದಿನಸಿ ಅಂಗಡಿಯೊಂದರಲ್ಲಿದ್ದಾನೆ. ಮೊನ್ನೆ ಅವನ ತಾಯಿ, "ಅವನಿಗೆ ಯಾವಾಗ ಫೋನ್ ಮಾಡಿದರೆ ಸಿಗುತ್ತಾನೋ, ಒಂದೂ ತಿಳಿಯುವುದಿಲ್ಲ" ಎಂದರು.

"ಅವನ ಅಂಗಡಿ ಎಷ್ಟು ಗಂಟೆಗೆ ಮುಚ್ಚುತ್ತದೆ?" ಎಂದು ನಾವು ಕೇಳಿದೆವು.

"ಮುಚ್ಚುವುದೇ ಇಲ್ಲವಂತೆ" ಎಂದರು ಆಕೆ.