ಗ್ಯಾರೇಜಿನ ಬಾಗಲಾ

ಅಮೆರಿಕಾದಿಂದ ಬಂದ ಮ್ಯಾಲೆ ನಮ್ಮ ಅಕ್ಕ-ತಂಗೀರಿಗೆಲ್ಲಾ ಬರ್ಫದ ಕತಿ ಹೇಳೇನಿ, ಅಂಗಡಿಗಳ ಕತಿ ಹೇಳೇನಿ, ಅಲ್ಲಿ ಜ್ವಾಳದ ಹಿಟ್ಟು ಹದಕ್ಕ ಬರಲಾರದ ಕತೀನೂ ಹೇಳೇನಿ. ಗ್ಯಾರೇಜಿನ ಕತಿ ಮಾತ್ರ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಹೋದ ವಾರ ಬಾಜೂ ಮನಿ ವೈನಿ ಕಾಂಪೌಂಡ ಗ್ವಾಡಿ ಮ್ಯಾಲಿಂದ, "ನಿಮ್ಮ ಅಳಿಯಂದ್ರು ಮನ್ಯಾಗಽ ಗಾಲ್ಫ್ ಆಡ್ತಾರಂತಲ್ಲ, ಅದ್ಹೆಂಗ್ರೀ?" ಅಂತ ಕೇಳಿದ್ರು. ಬಲಿ ಕಟ್ಟಿ ಆಡ್ತಾರ್ರೀ ಅಂತ ನಕ್ಕು ಒಳಗ ಬಂದೆ. ಒಲಿ ಮ್ಯಾಲೆ ಹಾಲು ಉಕ್ಕಿ ಹೋಗಿದ್ದೂ ನನಗ ಕಾಣಲಿಲ್ಲ. ಅದಕ್ಕ ಇವತ್ತು ಪೂರ್ತಿ ಬರದು ಬಿಡ್ತೀನಿ.

ನಾ ಹೋದದ್ದು ಅಕ್ಟೋಬರ್‌ದಾಗ, ಮಿಶಿಗನ್ ರಾಜ್ಯಕ್ಕ, ಡೆಟ್ರಾಯ್ಟ್ ಹತ್ರ ಒಂದು ಊರಿಗೆ. ನಮ್ಮನಿಯವರಿಗೆ ಥಂಡಿ ಆಗಿಬರೂದಿಲ್ಲ, ಧಾರವಾಡದಾಗಽ ಉಳದ್ರು. ಮಗಳಿಗೂ ನೌಕರಿ, ಅಳಿಯಂದ್ರಿಗೂ ನೌಕರಿ, ಮೊಮ್ಮಗಳು ಚಿನ್ನುಗ ಮೂರು ವರ್ಷ. ಅಕಿನ್ನ ನೋಡ್ಕೊಳ್ಳೂದಽ ನನ್ನ ಕೆಲಸ. ಹೋದ ಹೊಸ್ತಾಗಿ ಅಳಿಯಂದ್ರು ಶನಿವಾರ ನಸಿಕಿನ್ಯಾಗ ಎದ್ದು ಕೋಲಿನ ಚೀಲಾ ಹೊತಗೊಂಡು ಮೈದಾನಕ್ಕ ಹೋಗ್ತಿದ್ರು. ನವೆಂಬರ್ ಕಡೀಗೆ ಬರ್ಫ ಬಿತ್ತು, ಮೈದಾನ ಬಂದ್ ಆತು. ಇನ್ನ ವಸಂತ ಬರೋ ತನಕಾ ಹಸರು ಅನ್ನೂದು ಕಣ್ಣಿಗೆ ಬೀಳಂಗಿಲ್ಲ. ಅದಕ್ಕ ಆ ಥಂಡಿ ಸೀಮ್ಯಾಗ ಗಾಲ್ಫ್ ಹುಚ್ಚು ಇದ್ದವ್ರು ಮನ್ಯಾಗಽ ಮೈದಾನ ಮಾಡ್ಕೋತಾರ.

ನಾ ಮೊದಲ ಸಲ ನೋಡಿದಾಗ ಯಾರದೋ ಮದಿವಿಗೆ ಪೆಂಡಾಲ ಹಾಕ್ಯಾರೇನೋ ಅನಿಸ್ತು. ಗ್ಯಾರೇಜಿನ ಒಂದು ಮಗ್ಗಲಕ್ಕ ಕಬ್ಬಿಣದ ಕೊಳವಿ ನಿಲ್ಲಿಸಿ, ಎದುರಿಗೆ ದಪ್ಪಂದು ಬಿಳೇ ಪಡದೆ, ಎರಡೂ ಕಡೆ ಕರೇ ಬಲಿ. ಮ್ಯಾಲೆ ಮಾಳಿಗಿಗೆ ಒಂದು ಪ್ರೊಜೆಕ್ಟರ್. ಕೆಳಗ ಹಸರು ಹುಲ್ಲಿನಂಥ ಚಾಪಿ, ಅದರ ಬುಡಕ ಮೆತ್ತನ್ನ ರಬ್ಬರು. ಕಾಂಕ್ರೀಟಿನ ಮ್ಯಾಲೆ ಬರೇ ತೆಳ್ಳನ ಚಾಪಿ ಹಾಕಿ ದಿನಾ ಹೊಡದ್ರ ಮೊಣಕೈ, ಮಣಿಕಟ್ಟು ಎರಡೂ ಹೋಗ್ತಾವಂತ. ಚಾಪಿ ಮಗ್ಗಲಕ್ಕ ಅವಲಕ್ಕಿ ಡಬ್ಬಿಯಷ್ಟು ಒಂದು ಪೆಟ್ಟಿಗಿ. ಎಲ್ಲಾ ಜಾಣತನ ಅದರಾಗಽ ಐತಿ. ಕೋಲು ಚೆಂಡಿಗೆ ಬಡದ ಆ ಒಂದು ಕ್ಷಣದಾಗ ಅದು ಫೋಟೋ ಮ್ಯಾಲೆ ಫೋಟೋ ತಗೀತದ. ಚೆಂಡು ಎಷ್ಟು ಜೋರು ಹೊಂಟದ, ಎಷ್ಟು ಎತ್ತರಕ್ಕ, ಯಾವ ಕಡೆ ಗಿರಿಗಿರಿ ತಿರಗ್ಲಿಕತ್ತದ, ಇಷ್ಟು ನೋಡಿ ಕಂಪ್ಯೂಟರ್ ಲೆಕ್ಕಾ ಹಾಕಿ, ಮುಂದ ಅದು ಎಲ್ಲಿ ಹೋಗಿ ಬೀಳ್ತಿತ್ತು ಅನ್ನೂದನ್ನ ಪಡದೆ ಮ್ಯಾಲೆ ತೋರಸ್ತದ. ಖರೇ ಚೆಂಡು ಹತ್ತು ಫೂಟೂ ಹೋಗಿರಂಗಿಲ್ಲ, ಪಡದೆಗೆ ಬಡದು ಉಳ್ಳಿಕೋತ ವಾಪಸ್ ಕಾಲ ಹತ್ರ ಬಂದು ನಿಂತಿರ್ತದ. ಆದ್ರ ಪಡದೆದಾಗಿನ ಚೆಂಡು ಸ್ಕಾಟ್‌ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ್ಯಾಗ ಸಮುದ್ರದ ಗಾಳಿಗೆ ತೇಲಿಕೋತ ಹೊಂಟಿರ್ತದ. ಹೊರಗ ನೋಡಿದ್ರ ಮೊಣಕಾಲುದ್ದ ಬರ್ಫ!

ಆ ಚೆಂಡು ಹಿಡದು ನೋಡೀನಿ. ನಿಂಬಿಹಣ್ಣಿನಷ್ಟು, 46 ಗ್ರಾಮಿಗಿಂತಾ ಕಡಿಮಿ. ಇದೇನು ಮಾಡೀತು ಅನಿಸ್ತದ. ಆದ್ರ ಅಳಿಯಂದ್ರು ಉದ್ದನ್ನ ಕೋಲಿನಿಂದ ಹೊಡದಾಗ ಪಡದೆ ಮ್ಯಾಲೆ ತಾಸಿಗೆ 140 ಮೈಲು ಅಂತ ಬರ್ತಿತ್ತು. ಅಂದ್ರ ನಮ್ಮ ಲೆಕ್ಕದಾಗ 220 ಕಿಲೋಮೀಟರಿಗಿಂತಾ ಹೆಚ್ಚು. ಒಮ್ಮೊಮ್ಮೆ ಚೆಂಡು ಕೋಲಿನ ಮೂಲಿಗೆ ತಾಗಿ ಅಡ್ಡಡ್ಡ ಹಾರ್ತದ, ಅದಕ್ಕಽ ಮಗ್ಗಲಿನ ಬಲಿ. ಬಾಗಲದ ಹತ್ರ ನೆಲಕ್ಕ ಕೆಂಪು ಟೇಪು ಅಂಟಿಸಿದ್ರು. ಕೋಲು ಕೈಯಾಗ ಇದ್ದಾಗ ಯಾರೂ ಅದನ್ನ ದಾಟಬಾರ್ದು. ಇದು ಅವರ ಕಾನೂನು.

ನನಗ ಇದೆಲ್ಲಾ ಸೇರ್ತಿತ್ತೇನು ಅಂದ್ರ, ಇಲ್ಲ. ಸುಳ್ಳ್ಯಾಕ ಹೇಳ್ಲಿ? ಬಲಿ ಅಷ್ಟಽ ಆಗಿದ್ರ ನೂರಾರು ಡಾಲರ್‌ನ್ಯಾಗ ಮುಗೀತಿತ್ತು. ಪಡದೆ, ಪೆಟ್ಟಿಗಿ, ಪ್ರೊಜೆಕ್ಟರ್, ಕಂಪ್ಯೂಟರ್ ಅಂತ ಸಾವಿರಗಟ್ಟಲೆ ಹೋಗಿತ್ತು. ಅದಕ್ಕಿಂತಾ ದೊಡ್ಡ ಮಾತು, ಗ್ಯಾರೇಜಿನ್ಯಾಗ ಎರಡು ಕಾರಿನ ಜಾಗಾ, ಒಂದರ ಜಾಗಾ ಗಾಲ್ಫ್ ನುಂಗಿತ್ತು. ಹೊರಗ ಬಿದ್ದದ್ದು ನನ್ನ ಮಗಳ ಕಾರು. ದಿನಾ ಮುಂಜಾನೆ ಏಳಕ್ಕ ಅಕಿ ಆ ಥಂಡ್ಯಾಗ ಕಾರಿನ ಕಾಜು ಕೆರಕೋತ ನಿಂತ್ರ ನನ್ನ ಹೊಟ್ಟ್ಯಾಗ ಸಂಕಟ ಆಗ್ತಿತ್ತು. "ಅವರ ಕಾರು ಹೊರಗ ಹಚ್ಚಲಿ ಅಲ್ಲಾ" ಅಂತ ಎರಡು ಸಲ ಅಂದೆ. "ಅವ್ವಾ, ನಡುವ ಬರಬ್ಯಾಡ" ಅಂದ್ಲು. ಆದ್ರ ನಾ ಚುಚ್ಚಿದ್ದು ಅಕಿ ಮನಸಿನ್ಯಾಗ ಉಳದಿತ್ತು ಅಂತ ಕಾಣ್ತದ.

ಹಂಗಂತ ಅಳಿಯಂದ್ರು ಕೆಟ್ಟವರಲ್ಲ. ಭಾಳ ಮಾತಾಡೂದಿಲ್ಲ, ಅಷ್ಟಽ. ನನ್ನ ಕೂಡ ಅವರು ಮೊದಲ ಸಲ ಮನಬಿಚ್ಚಿ ಮಾತಾಡಿದ್ದು ಆ ಗ್ಯಾರೇಜಿನ್ಯಾಗಽ. ಫ್ರೀಜರಿನ್ಯಾಗಿಂದ ತುರದ ಕೊಬ್ಬರಿ ತರಲಿಕ್ಕೆ ಹೋದಾಗ, "ಅತ್ತಿ, ಅದಿತಿ ಅಶೋಕ್ ಗೊತ್ತೇನ್ರಿ?" ಅಂದ್ರು. ಬೆಂಗಳೂರಿನ ಹುಡುಗಿ. 2021ರ ಆಗಸ್ಟ್‌ನ್ಯಾಗ ಟೋಕಿಯೋ ಒಲಿಂಪಿಕ್ಸ್‌ನ್ಯಾಗ ನಾಲ್ಕನೇ ನಂಬರ್ ಬಂದ್ಲು, ಒಂದಽ ಒಂದು ಹೊಡೆತದಾಗ ಪದಕ ತಪ್ಪಿತು. ಅವತ್ತು ಅಕಿ ಕೋಲಿನ ಚೀಲಾ ಹೊತ್ತು ಜೊತೀಗೆ ನಡದವರು ಯಾರು ಗೊತ್ತೇನು? ಅಕಿ ತಾಯಿ, ಮಹೇಶ್ವರಿಯವರು. ಆ ಬಿಸಲಾಗ ನಾಲ್ಕು ದಿನಾ, ಮಗಳ ಹಿಂದ! ನನಗ ಗಾಲ್ಫ್ ಅಂದ್ರ ಏನು ಅನ್ನೂದು ಅವತ್ತಽ ಸ್ವಲ್ಪ ತಿಳೀತು ಅನ್ರಿ. ಬೆಂಗಳೂರಿನ್ಯಾಗ 1876ರಿಂದಽ ಗಾಲ್ಫ್ ಕ್ಲಬ್ ಐತಂತ. ಅಳಿಯಂದ್ರು ಸಣ್ಣವ್ರಿದ್ದಾಗ ಅದರ ಬೇಲಿ ಹೊರಗ ನಿಂತು ನೋಡಿದ್ರಂತ, ಒಳಗ ಹೋಗೋ ಐಪತ್ತು ಇರಲಿಲ್ಲ. ಅವರಪ್ಪಗ ಕಾರಖಾನಿ ಪಗಾರ, ನಾಕು ಮಕ್ಕಳು. ಇದನ್ನ ಅವರು ನಕ್ಕೋತ ಹೇಳಿದ್ರು. ನಾ ಕೊಬ್ಬರಿ ಹಿಡಕೊಂಡು ಸುಮ್ಮನ ನಿಂತೆ.

ಚಿನ್ನುಗ ಅಲ್ಲಿ ಒಂದು ನೌಕರಿ ಇತ್ತು. ರವಿವಾರ ಅಪ್ಪ ಕೋಲು ಸ್ಟ್ಯಾಂಡಿಗೆ ಇಟ್ಟು "ಹೂಂ" ಅಂದಮ್ಯಾಲೆ ಟೇಪು ದಾಟಿ ಹೋಗಿ ಚೆಂಡು ಆರಿಸಿ ಬುಟ್ಟಿಗೆ ಹಾಕೂದು. ಅದನ್ನ ಭಾಳ ನಿಷ್ಠಾದಿಂದ ಮಾಡ್ತಿತ್ತು ಕೂಸು.

ಜನವರಿ ಒಂದು ಬುಧವಾರ. ಸಂಜಿ ಆರೂವರಿ. ಮಗಳು ಇನ್ನೂ ಬಂದಿರಲಿಲ್ಲ. ನಾ ಜುಣಕಾ ಮಾಡ್ಲಿಕ್ಕೆ ಹೊಂಟಿದ್ದೆ, ಉಳ್ಳಾಗಡ್ಡಿ ತೀರಿತ್ತು. ಉಳ್ಳಾಗಡ್ಡಿ ಚೀಲ, ಅಕ್ಕಿ ಚೀಲ ಎರಡೂ ಗ್ಯಾರೇಜಿನ್ಯಾಗ, ಬಾಗಲದ ಮಗ್ಗಲಕ್ಕಽ. ಆ ಬಾಗಲಾ ತಾನಽ ಮುಚ್ಚಿಗೋತದ, ಸ್ಪ್ರಿಂಗಿನದು. ಎರಡೂ ಕೈ ತುಂಬ ಸಾಮಾನು ಇದ್ರ ಬೆನ್ನಿಲೆ ದೂಡಬೇಕು. ಅವತ್ತು ನಾ ಶಾಣ್ಯಾತನ ಮಾಡಿ, ಉಳ್ಳಾಗಡ್ಡಿ ಚೀಲನಽ ಎಳದು ಬಾಗಲಕ್ಕ ಅಡ್ಡ ಇಟ್ಟೆ. ಬಾಗಲಾ ತೆರದಽ ನಿಂತಿತು. ಬುಟ್ಯಾಗ ಆರು ಗಡ್ಡಿ ಹಾಕ್ಕೊಂಡು ಅಕ್ಕಿ ಅಳೀಲಿಕ್ಕೆ ಬಗ್ಗಿದೆ.

ಠಪ್ ಅಂತ ಒಂದು ಹೊಡೆತ ಕೇಳಿತು. ಚೆಂಡು ಉಳ್ಳಿಕೋತ ವಾಪಸ್ ಬಂತು. ಅಳಿಯಂದ್ರು ನನ್ನ ಕಡೆ ಬೆನ್ನು ಮಾಡಿ ಇನ್ನೊಂದು ಚೆಂಡಿಗೆ ನಿಂತ್ರು, ಕೋಲು ಎತ್ತಿದ್ರು. ಆಗ ನನ್ನ ಸೀರಿ ಮಗ್ಗಲಿಂದ ಹಳದಿ ಸ್ವೆಟರ್ ಒಂದು ಸುರ್ ಅಂತ ಹೋತು.

ಏನು ಒದರಿದೆ ನನಗ ಗೊತ್ತಿಲ್ಲ. ಕೋಲು ಅಷ್ಟೊತ್ತಿಗೆ ಕೆಳಗ ಬರ್ಲಿಕತ್ತಿತ್ತು. ಅಳಿಯಂದ್ರು ಅದನ್ನ ಅರ್ಧಕ್ಕ ತಿರುವಿದ್ರು. ತಿರುವಿದ ಜೋರಿಗೆ ಕೋಲು ಕಬ್ಬಿಣದ ಕೊಳವಿಗೆ ಬಡದು ಬಾಗಿ ಹೋತು, ಅವರು ಮಣಿಕಟ್ಟು ಹಿಡಕೊಂಡು ಕೂತಬಿಟ್ರು. ಚಿನ್ನು ಅವರ ಕಾಲ ಹತ್ರ ನಿಂತು, "ಅಜ್ಜಿ, ಚೆಂಡು" ಅಂತ ಕೈ ಮುಂದ ಮಾಡಿತು. ಅದಕ್ಕ ಏನೂ ಆಗಿದ್ದಿಲ್ಲ. ಏನೂ ಗೊತ್ತೂ ಆಗಿದ್ದಿಲ್ಲ.

ಅಷ್ಟರಾಗ ಮಗಳ ಕಾರು ಬಂತು. ಅಳೂ ದನಿ ಕೇಳಿ ಓಡಿ ಬಂದ್ಲು. ಅಳ್ತಿದ್ದಾಕಿ ನಾ. ಬಾಗಿದ ಕೋಲು, ಗಂಡನ ಕೈ, ಟೇಪಿನ ಆಚೆ ಕೂಸು, ಎಲ್ಲಾ ಒಂದಽ ನೋಟಕ್ಕ ಅಕಿಗೆ ತಿಳೀತು. "ಬಾಗಲಾ ತಗದಿಟ್ಟು ಆಡ್ತೀಯೇನು? ತಲಿ ಐತೋ ಇಲ್ಲೋ ನಿನಗ?" ಅಂತ ಅವರ ಮ್ಯಾಲೆ ಹರಿಹಾಯ್ದ್ಲು. ಅಳಿಯಂದ್ರು ಒಮ್ಮೆ ನನ್ನ ಕಡೆ ನೋಡಿದ್ರು. ಒಂದಽ ಸಲ. ಆಮ್ಯಾಲೆ, "ಹೂಂ. ನಾ ನೋಡಬೇಕಿತ್ತು" ಅಂದ್ರು.

ನಾ ಬಾಯಿ ತಗೀಲಿಲ್ಲ. ಕಾಲಿಲೆ ಉಳ್ಳಾಗಡ್ಡಿ ಚೀಲ ಮೆಲ್ಲಕ ಒಳಗ ಸರಿಸಿದೆ. ಇದನ್ನ ಬರೀಲಿಕ್ಕಽ ಇಷ್ಟು ದಿನಾ ಬೇಕಾತು ನನಗ.

ಮಣಿಕಟ್ಟು ಉಳುಕಿತ್ತು, ಎಲುಬು ಮುರದಿರಲಿಲ್ಲ. ಡಾಕ್ಟರು ಪಟ್ಟಿ ಕಟ್ಟಿ ಎರಡು ವಾರ ಭಾರ ಎತ್ತಬ್ಯಾಡ ಅಂದ್ರು. ಅವರು ಎಡಗೈಲೆ ಒಂದೊಂದಽ ಅಕ್ಷರ ಒತ್ತಿಕೋತ ಆಫೀಸಿನ ಕೆಲಸ ಮಾಡಿದ್ರು. ನಾ ಹರಳೆಣ್ಣಿ ಬಿಸಿ ಮಾಡಿ ಅವರ ಬೆರಳಿಗೆ ತಿಕ್ಕಿದೆ, ಶ್ಯಾವಿಗಿ ಪಾಯಸಾ ಮಾಡಿದೆ, ಶೇಂಗಾ ಹೋಳಿಗಿ ಮಾಡಿದೆ. ಬಾಯಿಲೆ ಹೇಳಬೇಕಾದ್ದನ್ನ ಅಡಿಗಿಲೆ ಹೇಳ್ಲಿಕ್ಕೆ ಹೊಂಟಿದ್ದೆ. "ಅತ್ತಿ, ಸಾಕ್ರಿ, ದಪ್ಪ ಆಗ್ತೀನಿ" ಅಂತಿದ್ರೇ ಹೊರತು, ಒಂದು ದಿನಾನೂ ಆ ಮಾತು ಎತ್ತಲಿಲ್ಲ. ಬೈದಿದ್ರ ಎಷ್ಟೋ ಚಲೋ ಇತ್ತು.

ಶನಿವಾರ ರಾತ್ರಿ ಮಗಳು, "ಅದೆಲ್ಲಾ ಮಾರಿಬಿಡು" ಅಂದ್ಲು. ಅವರು ಒಂದು ಮಾತು ವಾದಾ ಮಾಡಲಿಲ್ಲ. ರವಿವಾರ ಎಡಗೈಲೆ ಫೋನ್ ಹಿಡಕೊಂಡು ಪಡದೆದು ಒಂದು, ಪೆಟ್ಟಿಗೀದು ಒಂದು, ಚಾಪೀದು ಒಂದು ಅಂತ ಫೋಟೋ ತಗೀಲಿಕತ್ತಿದ್ರು. ಚಿನ್ನು ಬಾಗಲದಾಗ ನಿಂತು, "ಅಪ್ಪಾ, ಹೂಂ ಅನ್ನು" ಅಂತ ಕೇಳ್ಲಿಕತ್ತಿತ್ತು. ನನಗ ಬೇಲಿ ಹೊರಗ ನಿಂತ ಹುಡುಗ ನೆನಪಾದ. ರಾತ್ರಿ ಎಲ್ಲಾ ನಿದ್ದಿ ಹತ್ತಲಿಲ್ಲ.

ಸೋಮವಾರ ಮುಂಜಾನೆ ಅಳಿಯಂದ್ರ ದೊಡ್ಡ ಬೂಟು, ಕೋಟು ಹಾಕ್ಕೊಂಡು ನಾನೂ ಮಗಳ ಹಿಂದ ಹೊರಗ ಹೋದೆ. ಅಕಿ ಮುಂದಿನ ಕಾಜು ಕೆರೀಲಿಕತ್ತಿದ್ಲು, ನಾ ಕೈಗವಸಿಲೆ ಹಿಂದಿನ ಕಾಜು ಒರಸಲಿಕ್ಕೆ ನಿಂತೆ. ಮಾರಿ ಎದುರಾಬದರಾ ಇರಲಿಲ್ಲ, ಅದಕ್ಕಽ ಹೇಳ್ಲಿಕ್ಕೆ ಆತು. "ಬಾಗಲಾ ತಗದಿಟ್ಟಾಕಿ ನಾನವಾ. ಉಳ್ಳಾಗಡ್ಡಿ ಚೀಲ ಅಡ್ಡ ಇಟ್ಟಿದ್ದೆ."

ಕೆರಿಯೋ ಸಪ್ಪಳ ನಿಂತಿತು. ಮತ್ತ ಸುರು ಆತು. ಪೂರ್ತಿ ಕಾಜು ಸ್ವಚ್ಛ ಮಾಡಿ, ಕಾರಿನ್ಯಾಗ ಕೂತು, ನನ್ನ ಕಡೆ ನೋಡಲಾರದಽ ಹೋದ್ಲು. ಅವತ್ತು ಮಧ್ಯಾಹ್ನ ದಿನಾ ಬರೋ ಫೋನು ಬರಲಿಲ್ಲ. ಸಂಜಿಗೆ ಒಂದು ಹಾರ್ಡ್‌ವೇರ್ ಅಂಗಡಿ ಚೀಲ ತಗೊಂಡು ಬಂದ್ಲು. ಸೀದಾ ಅವರ ಖೋಲಿಗೆ ಹೋಗಿ ಬಾಗಲಾ ಹಾಕ್ಕೊಂಡ್ಲು. ಒಳಗ ಏನು ಮಾತಾತು ನನಗ ಗೊತ್ತಿಲ್ಲ, ಕೇಳೂದೂ ಇಲ್ಲ. ಹೊರಗ ಬಂದು ತಾನಽ ಸ್ಟೂಲ್ ಹತ್ತಿ, ಗ್ಯಾರೇಜಿನ ಬಾಗಲಾ ತುದಿಗೆ ಒಂದು ಚಿಲಕಾ ಜಡದ್ಲು. ಅಕ್ಕಿ, ಉಳ್ಳಾಗಡ್ಡಿ, ಫ್ರೀಜರ್ ಎಲ್ಲಾ ಕೆಳಗಿನ ಬೇಸ್‌ಮೆಂಟಿಗೆ ಹೋದ್ವು. ಗಾಲ್ಫ್ ಸಾಮಾನು ಉಳೀತು, ಆದ್ರ ಮುಂದಿನ ಚಳಿಗಾಲದಿಂದ ಹೊರಗ ನಿಲ್ಲೂದು ಅವರ ಕಾರು ಅಂತ ಠರಾವ್ ಆತು. ನನ್ನ ಕೂಡ ಅಕಿ ಮೊದಲಿನಂಗ ಮಾತಾಡಲಿಕ್ಕೆ ಇನ್ನೂ ನಾಕು ದಿನಾ ಹಿಡೀತು.

ಆ ಚಿಲಕಾ ಚಿನ್ನುಗ ನಿಲಕಬಾರ್ದು ಅಂತ ಹಚ್ಚಿದ್ದು. ಐದು ಫೂಟಿನ ನನಗೂ ನಿಲಕ್ತಿರಲಿಲ್ಲ. ಅಕಿ ಅಳತಿ ಮಾಡಿಯಽ ಹಚ್ಚಿದ್ಲೋ ಏನೋ, ನಾ ಕೇಳಿಲ್ಲ.

ಮಣಿಕಟ್ಟು ಪೂರ್ತಿ ನೆಟ್ಟಗಾಗೂ ತನಕಾ ಅಳಿಯಂದ್ರು ಜೋರು ಹೊಡಿಯೋಹಂಗ ಇರಲಿಲ್ಲ. ಫೆಬ್ರುವರಿ ತುಂಬ ಹಾಲ್‌ನ್ಯಾಗ ಕಾರ್ಪೆಟ್ಟಿನ ಮ್ಯಾಲೆ ಬರೇ ಪುಟ್ಟಿಂಗ್, ಅಂದ್ರ ಚೆಂಡು ಮೆಲ್ಲಕ ಉಳ್ಳಿಸೂದು. ಮೈದಾನದಾಗಿನ ಖರೇ ಕುಳಿ ನಾಕೂಕಾಲು ಇಂಚು ಅಗಲ ಇರ್ತದಂತ. ಅದಕ್ಕ ಸಣ್ಣದರಾಗ ರೂಢಿ ಮಾಡಿದ್ರ ಅಲ್ಲಿ ಸಸಾರ ಆಗ್ತದ ಅಂತ ನಾ ಕೊಟ್ಟ ಸ್ಟೀಲಿನ ನೀರಿನ ಲೋಟಾ ಅಡ್ಡ ಮಲಗಿಸಿದ್ರು. ಒಂದು ದಿನಾ ಕೋಲು ನನ್ನ ಕೈಗೆ ಕೊಟ್ಟು, "ಅತ್ತಿ, ನೀವೂ ಹೊಡೀರಿ ನೋಡೂಣು" ಅಂದ್ರು. ಸೆರಗು ಸಿಗಸ್ಕೊಂಡು ನಿಂತೆ. ಚಿನ್ನು ಎಲ್ಲಿ ಅಂತ ಮೂರು ಸಲ ತಿರುಗಿ ನೋಡಿದೆ. ಸೋಫಾದ ಮ್ಯಾಲೆ ಅವರವ್ವನ ತೊಡಿ ಮ್ಯಾಲೆ ಕೂತಿತ್ತು, ಮಗಳು ಎರಡೂ ಕೈಲೆ ಹಿಡಕೊಂಡಿದ್ಲು. "ಹೊಡಿಯವ್ವಾ, ಇಲ್ಲೇ ಐತಿ" ಅಂದ್ಲು.

ಹತ್ತರಾಗ ಮೂರು ಲೋಟಾದೊಳಗ ಹೋದ್ವು.